ಗುತ್ತೆಪ್ಪ ಮಾಸ್ತರರಿಗೆ ಮಾಡಿಸಿದ ಬೇರೆ ಕುರ್ಚಿ

ಸಭೆಗೆ ಬಂದ ಹಿರಿಯರೇ, ಊರಗೌಡರಾದ ಚನ್ನವೀರಪ್ಪನವರೇ, ತಾಯಂದಿರೇ, ಮತ್ತು — ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ, ಅವರು ಹೊರಗೆ ಕಟ್ಟೆಯ ಮೇಲೆ ಕೂತಿದ್ದಾರೆ — ತೀರಿಕೊಂಡ ಗುತ್ತೆಪ್ಪ ಮಾಸ್ತರರ ಪತ್ನಿ ಅಡಿವೆವ್ವನವರೇ, ಎಲ್ಲರಿಗೂ ಶರಣು.

ನಾನು ಕರಿಬಸಪ್ಪ, ಈ ಶಾಲೆಯ ಹೆಡ್ ಮಾಸ್ತರ. ಗುತ್ತೆಪ್ಪನವರ ಜೊತೆ ಒಂಬತ್ತು ವರ್ಷ ದುಡಿದವನು. ಗಂಡನ ಶ್ರದ್ಧಾಂಜಲಿಗೆ ಹೆಂಡತಿ ಒಳಗೆ ಬರಬಹುದೋ ಬಾರದೋ, ಬಂದರೆ ಕೂಡಿಸುವುದು ಜಮಖಾನೆಯ ಮೇಲೋ ಚಾಪೆಯ ಮೇಲೋ ಎಂದು ಬೆಳಿಗ್ಗೆ ನಾವು ಹಿರಿಯರೆಲ್ಲ ಎರಡು ತಾಸು ಮಾತಾಡಿದೆವು. ತೀರ್ಮಾನವಾಗಲಿಲ್ಲ. ಅದು ಆಗುವವರೆಗೆ ನನ್ನ ಭಾಷಣವೂ ಮುಗಿಯುವುದಿಲ್ಲ. ಆರಾಮಾಗಿ ಕೂತಿರಿ.

೧೯೩೪ರಲ್ಲಿ ಗುತ್ತೆಪ್ಪ ಅಬಲೂರಿನಿಂದ ಬಂದಾಗ ಶಾಲೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ‘ಆ ಕೇರಿಯಾಂವ ಕುಂತ ಕುರ್ಚ್ಯಾಗ ನಮ್ಮವರು ಹೆಂಗ ಕುಂಡ್ರೂದು?’ ಎಂದು ಊರು ಕೂಗಿತು. ನೆಲಕ್ಕೆ ಕೂಡಿಸೋಣವೆಂದರೆ, ಮಾಸ್ತರನಿಗೆ ಕುರ್ಚಿ ಕೊಡಬೇಕೆಂದು ಸರಕಾರದ ಹುಕುಂ. ಕೊನೆಗೆ ಬಂಕಾಪುರದ ಬಡಿಗನಿಂದ ಸಾಗವಾನಿಯ ಹೊಸ ಕುರ್ಚಿ ಮಾಡಿಸಿದರು. ಅದಕ್ಕೆ ಕೈಗಳಿದ್ದವು, ಬೆತ್ತದ ಹೆಣಿಗೆ ಇತ್ತು. ಅದು ಅವರಿಗೆ. ನಾನು ಮೇಲಿನ ಜಾತಿಯವನು ನೋಡಿ — ನನಗೆ ಹಳೆಯದು. ಮೂರೂವರೆ ಕಾಲು, ಸಂದಿನ ತುಂಬ ರಕ್ತ ಹೀರುವ ತಗಣಿ. ನಗಬೇಡಿ. ಇರಲಿ, ನಗಿರಿ. ಗುತ್ತೆಪ್ಪನವರೂ ನಗುತ್ತಿದ್ದರು.

ಒಂದು ಸಲ ತಪಾಸಣೆಗೆ ಧಾರವಾಡದಿಂದ ಸಾಹೇಬರು ಬಂದರು. ಬಂದವರೇ ಹೊಳೆಯುವ ಕುರ್ಚಿಯಲ್ಲಿ ಕೂತುಬಿಟ್ಟರು! ಗೌಡರ ಮುಖ ಬಿಳಿಚಿತು. ನಾನು ಹೀಗೆ — ಹೀಗೆ ಕೈ ಹೊಸೆಯುತ್ತ ನಿಂತೆ. ಹೇಳಿದರೆ ಅವರಿಗೆ ಅವಮಾನ, ಬಿಟ್ಟರೆ ಮೈಲಿಗೆ. ಆಗ ಗುತ್ತೆಪ್ಪನವರೇ ಕೈ ಮುಗಿದರು.

‘ಸಾಹೇಬ್ರ, ಅದು ನನ್ನ ಕುರ್ಚಿ ಐತ್ರಿ. ನಾನು ಊರ ಹೊರಗಿನ ಕೇರಿಯಾಂವ. ಮ್ಯಾಲಿನವರ ಕುರ್ಚಿ ಆ ಕಡೆ ಐತ್ರಿ.’

ಸಾಹೇಬರು ಕೆಂಡ ತುಳಿದವರಂತೆ ಎದ್ದು ನನ್ನದರಲ್ಲಿ ಕೂತರು. ಐದೇ ನಿಮಿಷ. ಬಲಗಡೆ ತುರಿಸಿಕೊಂಡರು. ಎಡಗಡೆ ತುರಿಸಿಕೊಂಡರು. ಆಮೇಲೆ — ತಾಯಂದಿರು ಇದ್ದೀರಿ, ಬೇಡ. ದಿನವಿಡೀ ನಡೆಯಬೇಕಿದ್ದ ತಪಾಸಣೆ ಕಾಲು ತಾಸಿಗೆ ಮುಗಿಯಿತು. ‘ಶಾಲೆ ಉತ್ತಮ’ ಎಂದು ನಿಂತುಕೊಂಡೇ ಬರೆದು ಹೋದರು.

‘ತಗಣಿ ಅದಾವಂತ ಯಾಕ ಹೇಳಲಿಲ್ಲ, ಗುತ್ತೆಪ್ಪ?’ ಎಂದೆ.

‘ಎಲ್ಲಾರೂ ಜಾತಿ ಅಷ್ಟ ಕೇಳ್ತಾರ ಮಾಸ್ತರ. ತಗಣಿ ಸುದ್ದಿ ಯಾರೂ ಕೇಳೂದಿಲ್ಲ.’

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕಾದ ಮೇಲೆ ಅವರು, ‘ಎಲ್ಲಾರೂ ಹೋಗ್ಯಾರ. ಒಂದ್ ಸಲ ನನ್ನ ಕುರ್ಚ್ಯಾಗ ಕುಂಡ್ರಿ. ಬೆನ್ನಿಗೆ ಆರಾಮ ಅನಸ್ತೈತಿ’ ಅಂದರು.

ನೋಡುವವರು ಯಾರೂ ಇರಲಿಲ್ಲ. ಆದರೂ ನಾನು ಕೂಡಲಿಲ್ಲ. ಅವರು ಹಲಗೆ ಒರೆಸತೊಡಗಿದರು. ಒಂಬತ್ತು ವರ್ಷ ತಗಣಿಗೆ ರಕ್ತ ಕೊಟ್ಟೆ, ಗೆಳೆಯನ ಒಂದು ಮಾತು ನಡೆಸಿಕೊಡಲಿಲ್ಲ. ನನಗೆ ನಾಚಿಕೆಯಾಗುತ್ತದೆ, ಅಡಿವೆವ್ವ. ನಿಮಗೆ ಕೇಳಿಸಲೆಂದೇ ಹೇಳುತ್ತಿದ್ದೇನೆ.

ಸಾಕು. ಮೌನಕ್ಕೆ ಎಲ್ಲರೂ ಏಳಿ. ಜಮಖಾನೆಯ ಮೇಲೆ ಯಾರು, ಚಾಪೆಯ ಮೇಲೆ ಯಾರು ಎಂಬ ತಕರಾರು ಕೂತವರದು, ನಿಂತವರಿಗೆ ಅದಿಲ್ಲ. ಅಡಿವೆವ್ವ, ಒಳಗ ಬರ್ರಿ. ಬರ್ರಿ, ಅಂಜಬ್ಯಾಡ್ರಿ, ಹೊಸ್ತಿಲ ದಾಟ್ರಿ. — ಗೌಡ್ರ, ಸ್ವಲ್ಪ ಸರೀರಿ. ಇನ್ನೂ ಸ್ವಲ್ಪ. — ಹಾಂ.

ಯಾರಿಗಾದರೂ ಹೊರಗೆ ಹೋಗಬೇಕೆನಿಸಿದರೆ ಕಟ್ಟೆ ಈಗ ಖಾಲಿಯಿದೆ. ಉಳಿದವರು ಎರಡು ನಿಮಿಷ ಮೌನವಾಗಿ ನಿಲ್ಲೋಣ.