ಒಂದು ಪಾತ್ರೆ ಬಟಾಣಿ ಸಾರು

ಸ್ವೀಡನ್ನಿನ ಗೋಥೆನ್‌ಬರ್ಗಿನ ಹಲ್ಲಿನ ಆಸ್ಪತ್ರೆಯಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಒಂದೇ ಬಾಡಿಗೆ ಮನೆ ಹಂಚಿಕೊಂಡಿದ್ದ ಓಲೋಫ್, ಹೆನ್ನಿಂಗ್ ಎಂಬ ಇಬ್ಬರು ಹುಡುಗರು ಎದುರಿಗೆ ಕೂತಿದ್ದರು. ಓಲೋಫ್ ಬಾಯಿಗೆ ಒತ್ತಿಕೊಂಡಿದ್ದ ಟವೆಲ್ಲು ರಕ್ತದಲ್ಲಿ ತೊಯ್ದಿತ್ತು. ಗುದ್ದಿದವನು ಹೆನ್ನಿಂಗ್, ಅವನ ಬೆರಳ ಗೆಣ್ಣೂ ಒಡೆದಿತ್ತು.

"ಬಟಾಣಿ ಸಾರಿಗೋಸ್ಕರ ಎರಡು ಹಲ್ಲು ಉದುರಿಸಿದೆಯಲ್ಲೋ."

"ಹೊರಗಡೆ ಒಂದು ಊಟಕ್ಕೆ ಕೊಡೋ ದುಡ್ಡಲ್ಲಿ ವಾರಕ್ಕಾಗೋಷ್ಟು ಮಾಡಿದ್ದೆ ಕಣೋ. ಬಟಾಣಿ ನೆನೆಹಾಕಿ, ಮೂಳೆ ಹಾಕಿ ಬೇಯಿಸಿದ್ದೆ. ತಳ ಕೆರೆದು ತಿಂದಿದ್ದೀಯ."

"ರುಚಿಯಾಗಿತ್ತು."

"ಇನ್ನೊಂದು ಮಾತಾಡಿದ್ರೆ ಉಳಿದಿರೋದನ್ನೂ ಕಿತ್ತು ಕೈಗೆ ಕೊಡ್ತೀನಿ."

"ಕೀಳು. ಬಿದ್ದ ಮೇಲೂ ಹೊಟ್ಟೆಗೆ ಒದ್ದೆಯಲ್ಲ, ಆ ಹೊಟ್ಟೆಗೆ ಎರಡು ದಿನದಿಂದ ಏನೂ ಬಿದ್ದಿರಲಿಲ್ಲ."

"ಯಾಕೆ?"

"ಕೆಲಸ ಹೋಯ್ತು."

"ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಂಗೆ?"

"ನಾಚಿಕೆ ಆಯ್ತು."

"ಕೇಳಿದ್ರೆ ನಾನೇ ಬಡಿಸ್ತಿರಲಿಲ್ವೇನೋ?"

ಅಷ್ಟರಲ್ಲಿ ನರ್ಸ್ ಓಲೋಫನ ಹೆಸರು ಕೂಗಿದರು. ಎಬ್ಬಿಸಲೆಂದು ಹೆನ್ನಿಂಗ್ ಕೈ ಚಾಚಿದ. ಓಲೋಫ್ ಬೆಚ್ಚಿಬಿದ್ದು ಮುಖಕ್ಕೆ ಕೈ ಅಡ್ಡ ಹಿಡಿದ.

ಹೆನ್ನಿಂಗನ ಕೈ ಅಲ್ಲೇ ನಿಂತಿತು.

"ಹೊಡೆಯಲ್ಲ ಕಣೋ, ಎದ್ದೇಳು," ಎಂದ, ಮೆಲ್ಲಗೆ. "ನಾಳೆ ನಿಂಗೆ ನುಂಗೋಕಾಗೋ ಹಾಗೆ ಮೆತ್ತಗೆ ಬೇಯಿಸ್ತೀನಿ. ಕ್ಯಾರೆಟ್ ನೀನು ಹೆಚ್ಚಿಕೊಡು."

ಓಲೋಫ್ ತಾನೇ ಎದ್ದು ಒಳಗೆ ನಡೆದ. ಹೆನ್ನಿಂಗ್ ಒಂದು ಹೆಜ್ಜೆ ಹಿಂದೆಯೇ ಉಳಿದು ಅವನನ್ನು ಹಿಂಬಾಲಿಸಿದ.