ಶೇವಂತಿಯನ್ನು ಬೋರಲು ಮಲಗಿಸಿದ ಬಗ್ಗೆ

ಹೆಸರು: ಮುರಗೆಪ್ಪ ತಂದೆ ಗುರುಪಾದಪ್ಪ ಬಾಣಕಾರ, ವಯಸ್ಸು: 56 ವರ್ಷ, ಉದ್ಯೋಗ: ಪಾವರ್‌ಲೂಮ್ ನೇಕಾರಿಕೆ, ವಿದ್ಯೆ: ಆರನೇ ಇಯತ್ತೆ ಅರ್ಧಕ್ಕೆ ಬಿಟ್ಟದ್ದು, ಸಾ: ಬನಹಟ್ಟಿ, ತಾ: ರಬಕವಿ-ಬನಹಟ್ಟಿ, ಜಿ: ಬಾಗಲಕೋಟೆ.

ಇಂದು ಜಮಖಂಡಿ ಠಾಣೆಯಲ್ಲಿ ಹಾಜರಿದ್ದು, ಸಾಹೇಬರು ಕೇಳಿದ್ದಕ್ಕೆ ನನ್ನ ಬಾಯಿಂದಲೇ ಹೇಳಿ ಬರೆಸುವುದೇನೆಂದರೆ,

ನಾನು ಮೇಲಿನ ವಿಳಾಸದಲ್ಲಿ ಹೆಂಡತಿ ಶೇವಂತಿ, ವಯಸ್ಸು 49, ಇವಳೊಂದಿಗೆ ವಾಸವಾಗಿದ್ದೇನೆ. ನಾನು ಮಗ್ಗ ನಡೆಸುತ್ತೇನೆ, ಅವಳು ನೂಲಿನ ಕಂಡಿಕೆ ಸುತ್ತಿ ಕೊಡುತ್ತಾಳೆ. ಮಗಳನ್ನು ಸಾವಳಗಿಗೆ ಕೊಟ್ಟಿದ್ದೇವೆ. ನನಗೆ ಮೊದಲಿನಿಂದಲೂ ಅಂಜಿಕೆ ಹೆಚ್ಚು. ಹೆಂಡತಿ ನಿದ್ದೆಯಲ್ಲಿ ತೀರ ಸುಮ್ಮನಾದರೆ ಅವಳ ಮೂಗಿನ ಕೆಳಗೆ ಬೆರಳು ಹಿಡಿದು ಉಸಿರು ನೋಡುವ ರೂಢಿ ಮದುವೆಯಾದಾಗಿನಿಂದ ಇದೆ. ಇದನ್ನೆಲ್ಲ ಬರೆಯಬೇಕೇ ಎಂದು ಸಾಹೇಬರು ಕೇಳಿದರು. ಮುಂದಿನದಕ್ಕೆ ಬೇಕಾಗುತ್ತದೆ, ಬರೆಯಿರಿ ಎಂದು ಹೇಳಿದ್ದೇನೆ.

ದಿನಾಂಕ 13ರ ಗುರುವಾರ ಶೇವಂತಿಗೆ ಜ್ವರ, ಕೆಮ್ಮು ಹೆಚ್ಚಾಗಿ ದಮ್ಮು ಹತ್ತಿತು. ನಾನು ಮತ್ತು ಅವಳ ತಮ್ಮ ಪರಮಾನಂದ, ಮುಧೋಳದಲ್ಲಿ ಬಟ್ಟೆ ಅಂಗಡಿ ಇಟ್ಟವನು, ಗಾಡಿ ಮಾಡಿಕೊಂಡು ಜಮಖಂಡಿಯ ಆಸ್ಪತ್ರೆಗೆ ಕರೆತಂದೆವು. ದಾರಿಯಲ್ಲಿ ನಾನು ಬೆರಳು ಹಿಡಿದೇ ಕುಳಿತಿದ್ದೆ. ಅವಳು ನನ್ನ ಕೈ ತಳ್ಳಿ, "ಕೈ ತಗೀರಿ, ಬರೂ ಗಾಳಿನೂ ನೀವ ತಡ್ಯಾಕತ್ತೀರಿ" ಅಂದಳು. ಪರಮಾನಂದ ನಕ್ಕನು. ನನಗೆ ನಗು ಬರಲಿಲ್ಲ.

ಎರಡೂ ಕಡೆ ನ್ಯುಮೋನಿಯಾ ಎಂದು ಹೇಳಿ ಐಸಿಯುದಲ್ಲಿ ಸೇರಿಸಿಕೊಂಡರು. ಮೊದಲು ಮಾಸ್ಕ್ ಹಾಕಿದ್ದರು. ಶುಕ್ರವಾರ ಸಂಜೆ ಬಾಯಿಯಿಂದ ನಳಿಗೆ ಇಳಿಸಿ ಉಸಿರಾಟದ ಮಷಿನ್‌ಗೆ ಜೋಡಿಸಿದರು. ಅಂದಿನಿಂದ ಅವಳಿಗೆ ಮಾತಿಲ್ಲ, ಎಚ್ಚರವೂ ಇಲ್ಲ. ನನ್ನನ್ನು ಬೆಳಿಗ್ಗೆ ಹನ್ನೊಂದಕ್ಕೆ ಮತ್ತು ಸಂಜೆ ಐದಕ್ಕೆ ಸ್ವಲ್ಪ ಹೊತ್ತು ಒಳಗೆ ಬಿಡುತ್ತಿದ್ದರು. ಅಲ್ಲಿನ ನರ್ಸ್ ಕಾಂಚನಾ ಎಂಬುವರು ಪ್ರತಿ ಸಲವೂ, "ಆರಾಮ ಅದಾರ ಕಾಕಾ. ನೀವು ಉಂಡೀರೇನು?" ಎಂದು ಕೇಳುತ್ತಿದ್ದರು. ಎಲ್ಲರಿಗೂ ಹಾಗೆಯೇ ಕೇಳುತ್ತಾರೆಂದು ತಿಳಿದಿದ್ದೆ.

ಇಂದು ಸೋಮವಾರ ಹನ್ನೊಂದಕ್ಕೆ ಒಳಗೆ ಹೋದಾಗ ಶೇವಂತಿಯನ್ನು ಬೋರಲು ಮಲಗಿಸಿದ್ದರು. ಮಗಳು ಸಣ್ಣವಳಿದ್ದಾಗ ಬೋರಲು ಮಲಗಿದರೆ, ಎಂಥ ನಿದ್ದೆಯಲ್ಲಿದ್ದರೂ ಎದ್ದು ಹೊರಳಿಸಿ ಮಲಗಿಸುತ್ತಿದ್ದವಳು ಇವಳು. ಎದೆಯ ಸುತ್ತ ಒಂದು ಪಟ್ಟಿ ಕಟ್ಟಿದ್ದರು. ಅದರಿಂದ ವಾಯರುಗಳು ಮಂಚದ ಪಕ್ಕದ ಒಂದು ಹೊಸ ಮಷಿನ್‌ಗೆ ಹೋಗಿದ್ದವು. ಮುಖ ಆ ಕಡೆ ದಿಂಬಿನಲ್ಲಿತ್ತು. ಬೆರಳು ಹಿಡಿದು ನೋಡೋಣವೆಂದರೆ ಮೂಗೇ ಕಾಣಲಿಲ್ಲ.

ಇದೇನು ಎಂದು ಕಾಂಚನಾ ಅವರನ್ನು ಕೇಳಿದೆ. ಆರಾಮ ಇದ್ದಾರೆ, ಹೊರಗೆ ಕುಳಿತುಕೊಳ್ಳಿ ಎಂದಷ್ಟೇ ಹೇಳಿದರು. ಪಟ್ಟಿಯಲ್ಲಿ ಕರೆಂಟ್ ಇದೆಯೇ ಎಂದು ಕೇಳಿದೆ. "ಐತ್ರಿ, ಭಾಳ ಸಣ್ಣದು" ಅಂದರು. ಮಳೆಗಾಲದಲ್ಲಿ ಮಗ್ಗದ ಸಣ್ಣ ಕರೆಂಟೇ ನನ್ನನ್ನು ಗೋಡೆಗೆ ಒಗೆದಿತ್ತು. ಶೇವಂತಿಯ ಹೆಗಲು ಹಿಡಿದು ಹೊರಳಿಸಲು ಹೋದೆ. ಕಾಂಚನಾ ಅಡ್ಡ ನಿಂತರು. ನಾನು ಅವರನ್ನು ದಬ್ಬಿದೆ. ಅವರ ಮೊಣಕೈ ಸಲಾಯಿನ್ ಸ್ಟ್ಯಾಂಡಿಗೆ ಬಡಿಯಿತು. ಆದರೂ ಮಂಚ ಬಿಟ್ಟು ಸರಿಯಲಿಲ್ಲ. ನಾನು ಹೊರಗೆ ಓಡಿ ಬಂದು, ನರ್ಸ್ ನನ್ನ ಹೆಂಡತಿಯನ್ನು ಡಬ್ಬ ಹಾಕಿ ಕರೆಂಟ್ ಕೊಟ್ಟು ಕೊಲ್ಲುತ್ತಿದ್ದಾಳೆ ಎಂದು 112ಕ್ಕೆ ಫೋನ್ ಮಾಡಿದೆ.

ಸ್ವಲ್ಪ ಹೊತ್ತಿನಲ್ಲಿ ಹವಾಲ್ದಾರ ನಾಮದೇವ ಅವರು ಬಂದರು. ಡಾಕ್ಟರರು ನಮ್ಮಿಬ್ಬರನ್ನೂ ಆ ಮಷಿನ್‌ನ ಮುಂದೆ ನಿಲ್ಲಿಸಿದರು. ಪಟ್ಟಿಯಲ್ಲಿ ಹರಿಯುವ ಕರೆಂಟ್ ಮೈಗೆ ಗೊತ್ತೂ ಆಗುವುದಿಲ್ಲ, ಅದರಿಂದ ಗಾಳಿ ಎದೆಯಲ್ಲಿ ಎಲ್ಲಿಯವರೆಗೆ ಹೋಗುತ್ತದೆ ಎಂಬುದು ಪರದೆಯ ಮೇಲೆ ಕಾಣುತ್ತದೆ, ಸೂಜಿ ಚುಚ್ಚುವುದಿಲ್ಲ, ರೋಗಿಯನ್ನು ಸ್ಕ್ಯಾನ್ ಕೋಣೆಗೆ ಒಯ್ಯುವುದೂ ಬೇಕಿಲ್ಲ ಎಂದು ತಿಳಿಸಿದರು. ನಿನ್ನೆ ರಾತ್ರಿ ಪಟ್ಟಿ ಕಟ್ಟಿ ನೋಡಿದಾಗ ಬೆನ್ನಿನ ಕಡೆಗೆ ಗಾಳಿ ಮುಟ್ಟುತ್ತಿರಲಿಲ್ಲ, ಆ ಭಾಗ ಪೂರಾ ಕಪ್ಪಿತ್ತು, ಅದಕ್ಕೇ ಇಂದು ನಸುಕಿನಲ್ಲಿ ಬೋರಲು ಹಾಕಿದೆವು ಎಂದರು.

ನಾನು ನೋಡಿದೆ. ಮಷಿನ್ ಒಂದು ಉಸಿರು ಕೊಟ್ಟಾಗ ಪರದೆಯ ಮೇಲೆ ನೀಲಿ ಬೆಳಕು ಹರಡಿ, ಬೆನ್ನಿನ ಕಡೆಗೂ ತೆಳ್ಳಗೆ ಮುಟ್ಟಿ, ಮತ್ತೆ ಕುಗ್ಗುತ್ತಿತ್ತು. ಮಗ್ಗದಲ್ಲಿ ಹೊಕ್ಕಿನ ಅಡ್ಡ ನೂಲು ಬೀಳದೆ ಖಾಲಿ ಉಳಿದಿದ್ದ ಜಾಗದಲ್ಲಿ ಈಗ ನೂಲು ಬೀಳುತ್ತಿರುವಂತೆ ನನಗೆ ಕಂಡಿತು. ಇಷ್ಟು ವರ್ಷ ಬೆರಳಿನಿಂದ ಹುಡುಕುತ್ತಿದ್ದದ್ದನ್ನು ಕಣ್ಣಿನಿಂದ ನೋಡಿದೆ. ಹವಾಲ್ದಾರರು ಟೋಪಿ ತೆಗೆದು, "ಬರಾಕತ್ತೈತಿ ನೋಡ್ರಿ ಯಜಮಾನ್ರ" ಅಂದರು. ಜೀವದ ಭಯ ಇನ್ನೂ ಕಳೆದಿಲ್ಲ ಎಂದೂ ಡಾಕ್ಟರರು ಹೇಳಿದ್ದಾರೆ. ಅದನ್ನೂ ಬರೆಯಿರಿ.

ನನಗೆ ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ನಿಮ್ಮ ಹೆಂಡತಿಯ ತಮ್ಮನಿಗೆ ಎಲ್ಲ ಹೇಳಿದ್ದೆವು ಎಂದು ಡಾಕ್ಟರರು ಹೇಳಿದರು. ಅಷ್ಟರಲ್ಲಿ ಒಳಗೆ ಬಂದಿದ್ದ ಪರಮಾನಂದ ತಲೆ ತಗ್ಗಿಸಿದನು. ಕೇಸ್ ಆಗುತ್ತದೆ, ಇದ್ದದ್ದು ಹೇಳವ್ವ ಎಂದು ಹವಾಲ್ದಾರರು ಒತ್ತಾಯ ಮಾಡಿದ ಮೇಲೆ ಕಾಂಚನಾ ಹೇಳಿದರು. ಶುಕ್ರವಾರ ನಳಿಗೆ ಹಾಕುವ ಮೊದಲು ಶೇವಂತಿ ಮಾಸ್ಕ್ ಸರಿಸಿ, "ನಮ್ಮನಿಯವರಿಗಿ ಏನೂ ಹೇಳಬ್ಯಾಡ್ರಿ ತಂಗಿ. ಆರಾಮ ಅದಾಳ ಅಂತಷ್ಟ ಹೇಳ್ರಿ. ಇಲ್ಲಂದ್ರ ಉಣ್ಣೂದ ಬಿಡತಾರ. ಉಂಡೀರೇನು ಅಂತ ದಿನಾ ಕೇಳ್ರಿ" ಎಂದು ಕೈ ಹಿಡಿದುಕೊಂಡಿದ್ದಳಂತೆ. ತಮ್ಮನಿಂದಲೂ ಆಣೆ ಮಾಡಿಸಿಕೊಂಡಿದ್ದಳಂತೆ.

ನಾನು ಕಾಂಚನಾ ಅವರ ಮುಂದೆ ಕೈ ಮುಗಿದೆ. ಅವರ ಮೊಣಕೈ ಬಾತಿತ್ತು. "ಬಿಡ್ರಿ ಕಾಕಾ, ಮಗ್ಗಾ ನಡಿಸಿದ ಕೈ, ಗಟ್ಟಿನ ಇರತಾವ" ಅಂದರು.

ಆದ್ದರಿಂದ ನಾನು ಫೋನಿನಲ್ಲಿ ಹೇಳಿದ್ದು ತಪ್ಪು. ಸದರಿ ನರ್ಸ್ ಮೇಲಾಗಲಿ, ಆಸ್ಪತ್ರೆಯ ಮೇಲಾಗಲಿ ನನ್ನ ಯಾವ ತಕರಾರೂ ಇಲ್ಲ. ದಬ್ಬಿದ್ದಕ್ಕೆ ನನ್ನ ಮೇಲೆ ಏನು ಕ್ರಮವಿದೆಯೋ ಅದನ್ನು ಮಾಡಬಹುದು. ಆದರೆ ಐದು ಗಂಟೆಗೆ ಒಳಗೆ ಬಿಡುತ್ತಾರೆ, ಅದಕ್ಕೆ ಮೊದಲು ಕಳುಹಿಸಿಕೊಡಬೇಕು.

ಇನ್ನೊಂದು ವಿನಂತಿ. ಶೇವಂತಿಗೆ ಎಚ್ಚರವಾದ ಮೇಲೆ ಪೊಲೀಸರು ಅವಳನ್ನು ವಿಚಾರಿಸುವುದಾದರೆ, ನಾನು ಠಾಣೆಗೆ ಬಂದದ್ದನ್ನು ಹೇಳಬಾರದು. ಅವಳೂ ಚಿಂತೆ ಮಾಡುತ್ತಾಳೆ. ನಿಮ್ಮ ಯಜಮಾನರು ಉಂಡಿದ್ದಾರೆ ಎಂದಷ್ಟೇ ಹೇಳಬೇಕು. ಅದು ಸುಳ್ಳಾಗಬಾರದೆಂದು, ಸಹಿ ಮಾಡುವ ಮೊದಲು ಇಲ್ಲಿಯೇ ಕುಳಿತು ಹವಾಲ್ದಾರರ ಡಬ್ಬಿಯಿಂದ ಒಂದೂವರೆ ರೊಟ್ಟಿ, ಪುಂಡಿಪಲ್ಯ ಉಂಡಿದ್ದೇನೆ.

ಬರೆದದ್ದನ್ನು ನನಗೆ ಓದಿ ಕೇಳಿಸಿದರು. ನಾನು ಹೇಳಿದಂತೆಯೇ ಇದೆ. ಉಂಡದ್ದೂ ಸೇರಿ ಎಲ್ಲವೂ ಖರೆ ಇದೆ.

ಸ್ಥಳ: ಜಮಖಂಡಿ
ದಿನಾಂಕ: 17-11-2025

ಸಹಿ: ಮುರಗೆಪ್ಪ ಗು. ಬಾಣಕಾರ