ತಾವ್ ಹ್ವೇಲಾನ್ ಪಾಠಕ್ಕೆ ಕರೆತಂದ ಸರೋವರ

ತಾವ್ ಮೇಡಂ ಅವರ ಪತಿ ಮಾನ್ಯ ಪಂಗ್ ಅವರೇ, ಮಗಳು ಯಾನ್, ಸಹೋದ್ಯೋಗಿಗಳೇ, ರೈಲು ಹತ್ತಿ ದೂರದಿಂದ ಬಂದಿರುವ ಹಳೆಯ ವಿದ್ಯಾರ್ಥಿಗಳೇ — ಎಲ್ಲರಿಗೂ ನಮಸ್ಕಾರ.

ಈ ಕಾಲೇಜಿನ ಇಂಗ್ಲಿಷ್ ವಿಭಾಗದಲ್ಲಿ ತಾವ್ ಮೇಡಂ ಅವರ ಪಕ್ಕದ ಮೇಜು ನನ್ನದು. ಅವರು ಇಲ್ಲಿದ್ದಿದ್ದರೆ, “ಗೋಂಗ್, ಬೇಗ ಮುಗ್ಸು, ಜನಕ್ಕೆ ಹಸಿವಾಗಿದೆ” ಎನ್ನುತ್ತಿದ್ದರು. ಪ್ರಯತ್ನಿಸುತ್ತೇನೆ.

ನಮ್ಮ ಪೊಯಾಂಗ್ ಸರೋವರದಲ್ಲಿ ಸರ್ಕಾರ ಮೀನುಗಾರಿಕೆ ನಿಲ್ಲಿಸಿದ ವರ್ಷ — ನೆನಪಿದೆಯಲ್ಲ? ಮೀನು ಉಳಿಯಲಿ, ನದಿಹಂದಿ ಎಂದು ನಾವು ಕರೆಯುವ ಆ ನಗುಮುಖದ, ಡಾಲ್ಫಿನ್‌ನಂಥ ಜೀವಿ ಉಳಿಯಲಿ ಎಂದು ಬಲೆಗಳನ್ನು ಮೇಲೆತ್ತಿಸಿದರು. ದೋಣಿಗಳನ್ನು ದಡಕ್ಕೆಳೆದು ಒಡೆದರು. ಅದೇ ವಾರ ನಮ್ಮ ಪಠ್ಯದಲ್ಲಿ ‘ಸುಸ್ಥಿರ ಅಭಿವೃದ್ಧಿ’ಯ ಪಾಠ. ಮಕ್ಕಳು ವ್ಯಾಖ್ಯಾನವನ್ನು ಇಂಗ್ಲಿಷಿನಲ್ಲಿ ಗಿಳಿಪಾಠ ಒಪ್ಪಿಸಿದರು. ಮೇಡಂ ಕೇಳಿದರು: “ಸರಿ. ನಮ್ಮ ಸರೋವರದ ವಿಷಯಕ್ಕೆ ಏನಂತೀರಿ?”

ಹಿಂದಿನ ಬೆಂಚಿನ ಲುವೋ ಮಿನ್ ಎದ್ದಳು. ಮೀನುಗಾರರ ಮಗಳು, ಅಲ್ಲಿಯವರೆಗೆ ಬಾಯಿ ಬಿಟ್ಟವಳಲ್ಲ. ಮುರುಕು ಇಂಗ್ಲಿಷಿನಲ್ಲಿ ಹೇಳಿದಳು: ಮೀನು ಇರುತ್ತದೆ, ಅಪ್ಪ ಹೋಗುತ್ತಾನೆ.

ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. ಆ ಮಾತನ್ನು ಹಲಗೆಯ ಮೇಲೆ ಬರೆದು, “ವ್ಯಾಕರಣ ಆಮೇಲೆ ನೋಡೋಣ. ಇದಕ್ಕೆ ಉತ್ತರ ಯಾರ ಹತ್ರ ಇದೆ?” ಎಂದರು.

ಉತ್ತರ ಹುಡುಕಲು ಇಡೀ ತರಗತಿ ದಡದ ಊರುಗಳಿಗೆ ಹೊರಟಿತು. ನಮ್ಮ ಮುಖ್ಯಸ್ಥರು — ಸರ್, ಬೇಸರಿಸಬೇಡಿ — ಸಿಡುಕಿದರು: “ರಾಷ್ಟ್ರೀಯ ಪರೀಕ್ಷೆ ಎದುರಿಗಿದೆ! ಇಂಗ್ಲಿಷ್ ಮೇಡಂಗೆ ಮೀನಿನ ಉಸಾಬರಿ ಯಾಕಮ್ಮ? ಮಕ್ಕಳು ಫೇಲಾದ್ರೆ ನಿಮ್ಮ ಪಾಠಾನೇ ನಿಲ್ಲಿಸ್ತೀನಿ.”

“ಹೇಳೋಕೆ ಮಾತೇ ಇಲ್ಲದವರಿಗೆ ವ್ಯಾಕರಣ ಕೊಟ್ಟು ಏನು ಮಾಡ್ಲಿ ಸರ್?”

ಒಂದು ದಿನ ಮೇಡಂ ಲುವೋ ಮಿನ್‌ಳ ಅಪ್ಪನನ್ನೇ ತರಗತಿಗೆ ಕರೆತಂದರು. ಅವರು ನಮ್ಮ ಊರುಮಾತಿನಲ್ಲಿ ಹೇಳುತ್ತಾ ಹೋದರು, ಮಗಳು ಇಂಗ್ಲಿಷಿಗೆ ತರುತ್ತಾ ಹೋದಳು. ನದಿಹಂದಿಗಳ ಮೇಲೆ ಸಿಟ್ಟಿದೆಯೇ ಎಂದು ಒಬ್ಬ ಕೇಳಿದ.

“ಅವಕ್ಯಾಕೆ ಬೈಲಿ ಮಗಾ? ಬಿರುಗಾಳಿಗೆ ಮುಂಚೆ ಅವು ಗಾಳಿಗೆ ಅಡ್ಡಬೀಳ್ತವೆ. ಅದ್ನ ನೋಡೇ ನಾವು ದಡ ಸೇರ್ತಿದ್ವಿ. ಅವೂ ಇರ್ಲಿ. ನಂಗೂ ನೀರ್ಮೇಲೆ ಒಂದು ಕೆಲ್ಸ ಇರ್ಲಿ.”

‘ಗಾಳಿಗೆ ಅಡ್ಡಬೀಳುವುದು’, ಅಂದರೆ ಗಾಳಿಯತ್ತ ಮುಖಮಾಡಿ ನೀರಿನಿಂದ ಎದ್ದೆದ್ದು ಬಾಗುವುದು — ಲುವೋ ಮಿನ್ ಅಲ್ಲೇ ತಡವರಿಸಿ ಮೇಡಂ ಕಡೆ ನೋಡಿದಳು. “ನಂಗೂ ಗೊತ್ತಿಲ್ಲಮ್ಮ,” ಎಂದರು ಮೇಡಂ. “ಆ ಮಾತು ಇಂಗ್ಲಿಷಿಗೆ ಇನ್ನೂ ಬಂದಿಲ್ಲ. ನೀನೇ ತಾ.”

ತಂದಳು! ‘ಗಾಳಿಗೆ ತಲೆಬಾಗುತ್ತವೆ’ ಎಂಬರ್ಥ ಬರುವಂತೆ ಇಂಗ್ಲಿಷಿನಲ್ಲಿ ತಾನೇ ಕಟ್ಟಿ ಹೇಳಿದ್ದನ್ನು ಬಾಗಿಲಲ್ಲಿ ನಿಂತು ನಾನೂ ಕೇಳಿದೆ.

ಆ ಮಕ್ಕಳು ಎರಡೂ ಭಾಷೆಗಳಲ್ಲಿ ಬರೆದದ್ದನ್ನು ಸರೋವರ ಕಾಯುವ ತಂಡದವರು ಓದಿದರು, ದಡಕ್ಕೆ ಬಂದು ಮೀನುಗಾರರನ್ನು ಕಂಡರು. ಇಂದು ಲುವೋ ಮಿನ್‌ಳ ಅಪ್ಪ ಆ ತಂಡದ ಗಸ್ತು ದೋಣಿಯ ಚುಕ್ಕಾಣಿ ಹಿಡಿದಿದ್ದಾರೆ. ಎಲ್ಲ ಮೀನುಗಾರರಿಗೂ ಹಾಗಾಗಲಿಲ್ಲ. ಆ ಕೊರಗು ಮೇಡಂ ಅವರಿಗೆ ಕೊನೆಯವರೆಗೂ ಇತ್ತು. ಪರೀಕ್ಷೆಯೇ? ಯಾವ ತರಗತಿಗೂ ಕಡಿಮೆಯಿಲ್ಲದಂತೆ ಮಕ್ಕಳು ಪಾಸಾದರು. ಮುಖ್ಯಸ್ಥರೇ ಬಂದು, “ಮುಂದಿನ ವರ್ಷ ಈ ಪಾಠ ಎಲ್ಲಾ ತರಗತಿಗೂ ಇರ್ಲಿ” ಎಂದರು.

ಕಾಯಿಲೆ ಮೇಡಂ ಅವರ ಧ್ವನಿಯನ್ನು ಮೊದಲು ಕಸಿದುಕೊಂಡಿತು. ಓದು ಮುಗಿಸಿ ನಮ್ಮದೇ ವಿಭಾಗಕ್ಕೆ ಸೇರಿದ್ದ ಲುವೋ ಮಿನ್‌ಳನ್ನು ಆಸ್ಪತ್ರೆಯಲ್ಲಿ ಹತ್ತಿರ ಕರೆದು ಪಿಸುಗುಟ್ಟಿದರು: “ನನ್ನ ಪಾಠ ಒಪ್ಪಿಸ್ಬೇಡ. ನಿಂದೇ ಮಾಡು.” ಸೋಮವಾರದಿಂದ ಆ ತರಗತಿಗೆ ಲುವೋ ಮಿನ್ ಟೀಚರ್ ಹೋಗುತ್ತಾಳೆ. ಈ ಬಾರಿ ಪಾಠ ನಗರದ ಕಸದ ಬಗ್ಗೆಯಂತೆ — ಮಕ್ಕಳೇ, ಮೂಗು ಮುಚ್ಚಿಕೊಳ್ಳಲು ಸಿದ್ಧರಾಗಿ!

ಬನ್ನಿ, ಎಲ್ಲರೂ ಎದ್ದು ನಿಲ್ಲೋಣ. ನಮಗೆಲ್ಲ ಮಾತು ಕೊಟ್ಟವರಿಗಾಗಿ — ಸ್ವಲ್ಪ ಹೊತ್ತು ಮಾತು ಬಿಡೋಣ.